ರಾತ್ರಿಗೆ ಒಂದೇ ಹುಡುಕಾಟ

ಹೋದ ವಾರ ಹಳೇ ಟ್ರಂಕು ಖಾಲಿ ಮಾಡುವಾಗ ಒಂದು ಕಂತೆ ಪ್ರಿಂಟ್‌ಔಟ್ ಸಿಕ್ಕಿತು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನದು, ಎರಡೂ ಅಂಚಿನ ತೂತಿನ ಪಟ್ಟಿಯನ್ನು ಹರಿದು ತೆಗೆದಿರಲಿಲ್ಲ. ಮೇಲಿನ ಹಾಳೆಯಲ್ಲಿ ಮಾಸಿದ ಇಂಗ್ಲಿಷ್ ಅಕ್ಷರಗಳಲ್ಲಿ 'ಅನ್‌ನೋನ್ ಕಮಾಂಡ್ - ಕಾಯಕವೇ' ಅಂತ ಇತ್ತು. ಮಗಳು ಓದಿ ಬಿದ್ದು ಬಿದ್ದು ನಕ್ಕಳು. "ಏನಮ್ಮಾ ಇದು, ಬಸವಣ್ಣನವರಿಗೇ ಕಂಪ್ಯೂಟರ್ ಎರರ್ ಕೊಟ್ಟಿದೆ?" ಅಂದಳು. ಬಸವಣ್ಣ ಅಲ್ಲ ಕಣೇ, ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ ಅಂತ ತಿದ್ದಿದೆ. ರಿಟೈರ್ ಆದರೂ ಲೈಬ್ರರಿಯವರ ಬುದ್ಧಿ ಹೋಗುವುದಿಲ್ಲ ನೋಡಿ. ಆಮೇಲೆ ಇದು ಏನು ಅಂತ ಅವಳಿಗೆ ಹೇಳುತ್ತಾ ಹೋದೆ, ಅರ್ಧ ಗಂಟೆ ಆಯಿತು, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1996ರಲ್ಲಿ ನಾನು ಮೈಸೂರಿನ ಒಂದು ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿದ್ದೆ. ನಮಗೆ ಇಂಟರ್‌ನೆಟ್ ಇರಲಿಲ್ಲ. ಇಮೇಲ್ ಇತ್ತು, ಅಷ್ಟೇ. ಈಗಿನವರಿಗೆ ಇದೇ ಅರ್ಥ ಆಗುವುದಿಲ್ಲ, ಇಮೇಲ್ ಇದ್ದ ಮೇಲೆ ಇಂಟರ್‌ನೆಟ್ ಇರಲೇಬೇಕಲ್ವಾ ಅಂತ. ಇರಬೇಕಿಲ್ಲ. ಎಜುಕೇಷನ್ ಮತ್ತು ರಿಸರ್ಚ್ ಸಂಸ್ಥೆಗಳಿಗೆ ಅಂತ 1986ರಲ್ಲಿ ಶುರುವಾದ ಅರ್ನೆಟ್ ಜಾಲದಲ್ಲಿ ಬೆಂಗಳೂರಿನ ಐಐಎಸ್‌ಸಿ ಒಂದು ಮುಖ್ಯ ಕೇಂದ್ರ. ನಮ್ಮ ಕಂಪ್ಯೂಟರ್ ಮೋಡೆಮ್ ಹಾಕಿಕೊಂಡು ಅಲ್ಲಿಗೆ ಎಸ್‌ಟಿಡಿ ಮಾಡುತ್ತಿತ್ತು. ಆಗ ರಾತ್ರಿ 11ರ ಮೇಲೆ ದೂರದೂರಿನ ಫೋನಿಗೆ ಕಾಲು ದರ. ಹಾಗಾಗಿ 11ಕ್ಕೆ ಒಂದು ಸಲ ಫೋನ್ ಮಾಡಿ ನಮ್ಮ ಪತ್ರಗಳನ್ನು ಕೊಡುವುದು, ಬೆಳಗಿನ ಜಾವ 5ಕ್ಕೆ ಇನ್ನೊಂದು ಸಲ ಮಾಡಿ ಬಂದದ್ದನ್ನು ತರುವುದು. ಬೆಳಿಗ್ಗೆ ಒಂಬತ್ತೂವರೆಗೆ ನಾನು ಹೋದಾಗ ಹಾಲಿನ ಪ್ಯಾಕೆಟ್ ಬಂದು ಬಿದ್ದಿರುವ ಹಾಗೆ ಮೇಲ್ ಬಂದು ಬಿದ್ದಿರುತ್ತಿತ್ತು.

ನನ್ನ ಸಮಸ್ಯೆ ಏನಿತ್ತು ಅಂದರೆ, ಪುಸ್ತಕ.

ಯುನೆಸ್ಕೋದವರು ಪುಕ್ಕಟೆ ಕೊಡುತ್ತಿದ್ದ ಸಿಡಿಎಸ್-ಐಸಿಸ್ ಅನ್ನುವ ಸಾಫ್ಟ್‌ವೇರ್ ಆಗ ನಮ್ಮ ದೇಶದ ಎಷ್ಟೋ ಲೈಬ್ರರಿಗಳಲ್ಲಿ ಇತ್ತು. ವಿಂಡೋಸ್‌ಗಿಂತ ಹಿಂದಿನ ಡಾಸ್ ಮೇಲೆ ಓಡುತ್ತಿತ್ತು. ನಾವೂ ಕಾರ್ಡ್ ಕ್ಯಾಟಲಾಗನ್ನು ಡ್ರಾಯರ್ ಡ್ರಾಯರ್ ಆಗಿ ಅದಕ್ಕೆ ತುಂಬುತ್ತಾ ಇದ್ದೆವು. ಹೊಸ ಪುಸ್ತಕಕ್ಕೆ ಆರ್ಡರ್ ಹಾಕುವ ಮೊದಲು ಅದು ಈಗಾಗಲೇ ನಮ್ಮಲ್ಲಿ ಇದೆಯಾ ಅಂತ ಇಡೀ ಶೀರ್ಷಿಕೆಯ ಇಂಡೆಕ್ಸಿನಲ್ಲಿ ನೋಡುವುದು ನನ್ನ ಕೆಲಸ. ಒಂದೇ ಪುಸ್ತಕ ಎರಡು ಸಲ ಕೊಂಡರೆ ಆಡಿಟ್‌ನವರು ಬಿಡುವುದಿಲ್ಲ. ಕೊಂಡೇ ಬಿಟ್ಟೆವು. ಎರಡೂವರೆ ಸಾವಿರ ರೂಪಾಯಿಯ ಒಂದು ಕಾನ್ಫರೆನ್ಸ್ ಪ್ರೊಸೀಡಿಂಗ್ಸ್, ಅಂದರೆ ಸಮ್ಮೇಳನದ ಪ್ರಬಂಧಗಳ ಸಂಪುಟ, ಒಂದೇ ವರ್ಷದಲ್ಲಿ ಎರಡು ಸಲ.

ಹೋಗಿ ನೋಡಿದರೆ ಇಂಡೆಕ್ಸಿನಲ್ಲಿ ನಮ್ಮ ಪ್ರೊಸೀಡಿಂಗ್ಸ್ ಎಲ್ಲ ಸೇರಿ ಒಂದೇ ಸಾಲಾಗಿ ಕೂತಿದ್ದವು. ಅದರ ಕಾರಣ ಈಗ ಒಂದು ಸಾಲಿನಲ್ಲಿ ಹೇಳಬಹುದು: ಆಗಿನ ಐಸಿಸ್ ತನ್ನ ಇಂಡೆಕ್ಸಿನಲ್ಲಿ ಒಂದು ನಮೂದಿಗೆ, ಅದು ಇಡೀ ಶೀರ್ಷಿಕೆಯಾದರೂ, 30 ಅಕ್ಷರಕ್ಕಿಂತ ಜಾಸ್ತಿ ಜಾಗ ಕೊಡುತ್ತಿರಲಿಲ್ಲ. 'ಪ್ರೊಸೀಡಿಂಗ್ಸ್ ಆಫ್ ದಿ ಇಂಟರ್‌ನ್ಯಾಷನಲ್' ಅಂತ ಇಂಗ್ಲಿಷಿನಲ್ಲಿ ಬರೆದು, ನಡುವಿನ ಖಾಲಿ ಜಾಗವನ್ನೂ ಸೇರಿಸಿ ಎಣಿಸಿ ನೋಡಿ. ಕೊನೆಯ ಎರಡು ಅಕ್ಷರ ಬಾಕಿ ಇರುವಾಗಲೇ 30 ಮುಗಿಯುತ್ತದೆ. ಕಾನ್ಫರೆನ್ಸ್ ಯಾವುದರ ಬಗ್ಗೆ ಅನ್ನುವುದು ಶುರುವಾಗುವ ಎಷ್ಟೋ ಮೊದಲೇ ಕತ್ತರಿ ಬಿದ್ದಿರುತ್ತದೆ. ಆದರೆ ಇದು ಆಗ ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು, ಪುಸ್ತಕಗಳು ಕಾಣೆಯಾಗಿವೆ ಮತ್ತು ಬೈಸಿಕೊಂಡವಳು ನಾನು.

ಐಸಿಸ್ ಬಳಸುವವರದ್ದೇ ಒಂದು ಮೇಲಿಂಗ್ ಲಿಸ್ಟ್ ಇತ್ತು, ನೆದರ್‌ಲ್ಯಾಂಡ್ಸಿನ ಸರ್ಫ್‌ನೆಟ್ ಅನ್ನುವ ಜಾಲದ ಕಂಪ್ಯೂಟರಿನಲ್ಲಿ; ಅದಕ್ಕೆ ಒಂದು ಮೇಲ್ ಬರೆದರೆ ಲಿಸ್ಟಿನಲ್ಲಿರುವ ಎಲ್ಲರಿಗೂ ಹೋಗುತ್ತದೆ. "ಅಲ್ಲಿ ಕೇಳಿಬಿಡಿ ಮೇಡಂ" ಅಂದ ನಮ್ಮ ಕಂಪ್ಯೂಟರ್ ಹುಡುಗ. ನನಗೆ ಸಂಕೋಚ. ಇಡೀ ಪ್ರಪಂಚದ ಲೈಬ್ರರಿಯನ್ನರ ಮುಂದೆ ಎದ್ದು ನಿಂತು ಪೆದ್ದು ಪ್ರಶ್ನೆ ಕೇಳುವುದು ಹೇಗೆ? ಯಾರೋ ಒಬ್ಬರು ಮೊದಲೇ ಕೇಳಿರುತ್ತಾರೆ, ಹಳೇ ಪತ್ರಗಳಲ್ಲಿ ಹುಡುಕಿದರಾಯಿತು ಅಂದುಕೊಂಡೆ. ಹುಡುಕುವುದಕ್ಕೆ ಬ್ರೌಸರ್ ಇಲ್ಲ. ಆದರೆ ಲಿಸ್ಟ್ ನಡೆಸುವ ಪ್ರೋಗ್ರಾಮಿಗೇ ಮೇಲ್ ಬರೆದು 'ಇದನ್ನು ಹುಡುಕು' ಅಂದರೆ, ಅದು ಹುಡುಕಿ ಉತ್ತರ ಬರೆಯುತ್ತದೆ. ಆ ಪ್ರೋಗ್ರಾಮಿನ ಹೆಸರು ಲಿಸ್ಟ್‌ಸರ್ವ್.

ಮೊದಲನೇ ರಾತ್ರಿ: ಆಜ್ಞೆಯನ್ನು ಸಬ್ಜೆಕ್ಟ್ ಸಾಲಿನಲ್ಲಿ ಬರೆದೆ. ಲಿಸ್ಟ್‌ಸರ್ವ್ ಸಬ್ಜೆಕ್ಟ್ ಸಾಲನ್ನು ಓದುವುದೇ ಇಲ್ಲ. ಒಂದು ದಿನ ಹೋಯಿತು.

ಎರಡನೇ ರಾತ್ರಿ: ಪತ್ರದ ಒಳಗೆ 'ಇನ್ಫೋ ಡೇಟಾಬೇಸ್' ಅಂತ ಬರೆದೆ, ಅಂದರೆ ಹುಡುಕುವುದು ಹೇಗೆ ಅಂತ ನನಗೆ ಹೇಳಿಕೊಡು ಅಂತ. ಹೇಳಿಕೊಟ್ಟಿತು, ಉದ್ದನೆಯ ಒಂದು ಕೈಪಿಡಿಯನ್ನೇ ಕಳಿಸಿತು. ಜೊತೆಗೆ ಬಂದದ್ದು ಈ ಮೇಲಿನ ಹಾಳೆ. ನನ್ನ ಪತ್ರಗಳ ಕೊನೆಗೆ ತಾನಾಗಿ ಅಂಟಿಕೊಳ್ಳುವ ನಾಲ್ಕು ಸಾಲು ಇಟ್ಟುಕೊಂಡಿದ್ದೆ: ರಿಗಾರ್ಡ್ಸ್, ನನ್ನ ಹೆಸರು, ಅಸಿಸ್ಟೆಂಟ್ ಲೈಬ್ರರಿಯನ್, ಅದರ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಕಾಯಕವೇ ಕೈಲಾಸ. ಲಿಸ್ಟ್‌ಸರ್ವ್‌ಗೆ ಪತ್ರದ ಪ್ರತಿ ಸಾಲೂ ಒಂದು ಆಜ್ಞೆ. 'ರಿಗಾರ್ಡ್ಸ್' ಅನ್ನುವ ಆಜ್ಞೆ ಗೊತ್ತಿಲ್ಲ ಅಂದಿತು. ನನ್ನ ಹೆಸರಿನ ಆಜ್ಞೆ ಗೊತ್ತಿಲ್ಲ ಅಂದಿತು. 'ಅಸಿಸ್ಟೆಂಟ್' ಗೊತ್ತಿಲ್ಲ. 'ಕಾಯಕವೇ' ಅಂತೂ ಮೊದಲೇ ಗೊತ್ತಿಲ್ಲ. ಸಾಕಾಗಿ, ಉಳಿದದ್ದನ್ನೆಲ್ಲ ಎಸೆದಿದ್ದೇನೆ ಅಂತ ಮುಗಿಸಿತ್ತು. ಕೈಲಾಸ ಸಿಗುವುದು ದೂರದ ಮಾತು.

ಆ ಕೈಪಿಡಿಯನ್ನು ಪ್ರಿಂಟ್ ಹಾಕಿಕೊಂಡು ಊಟದ ಹೊತ್ತಿನಲ್ಲಿ ಓದಿದೆ. ಹುಡುಕುವುದಕ್ಕೆ ಬರೆಯಬೇಕಾದ ಪತ್ರ ಹೀಗಿರಬೇಕಂತೆ (ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು, ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ):

// ಜಾಬ್ ಎಕೋ=ನೋ
ಡೇಟಾಬೇಸ್ ಸರ್ಚ್ ಡಿಡಿ=ರೂಲ್ಸ್
//ರೂಲ್ಸ್ ಡಿಡಿ *
ಸರ್ಚ್ ಇಂಡೆಕ್ಸ್ ಇನ್ ಸಿಡಿಎಸ್-ಐಸಿಸ್
ಇಂಡೆಕ್ಸ್
/*
// ಇಒಜೆ

ನಾಲ್ಕನೇ ಸಾಲು ಬಿಟ್ಟರೆ ಉಳಿದದ್ದು ನೋಡಲು ಮಂತ್ರವಾದಿಯ ತಾಯತದ ಹಾಗಿದೆ. ಯಾಕೆ ಹೀಗೆ ಅಂತ ಆಮೇಲೆ ತಿಳಿಯಿತು. ಲಿಸ್ಟ್‌ಸರ್ವ್ ಹುಟ್ಟಿದ್ದು ಇಂಟರ್‌ನೆಟ್ಟಿನಲ್ಲಿ ಅಲ್ಲ, ಬಿಟ್‌ನೆಟ್ ಅನ್ನುವ ಬೇರೆ ಜಾಲದಲ್ಲಿ. 1981ರಲ್ಲಿ ನ್ಯೂಯಾರ್ಕಿನ ಸಿಟಿ ಯುನಿವರ್ಸಿಟಿ ಮತ್ತು ಯೇಲ್ ನಡುವೆ ಒಂದು ಲೈನ್ ಎಳೆದು ಶುರು ಮಾಡಿದ್ದು, ಹೆಚ್ಚಾಗಿ ಯುನಿವರ್ಸಿಟಿಗಳ ಐಬಿಎಂ ಮೇನ್‌ಫ್ರೇಮ್ ಅನ್ನುವ ದೊಡ್ಡ ಕಂಪ್ಯೂಟರುಗಳ ಜಾಲ. ಅಲ್ಲಿ ಲಿಸ್ಟುಗಳನ್ನು ಕೈಯಲ್ಲಿ ನೋಡಿಕೊಳ್ಳುವುದು ಕಷ್ಟವಾಗಿ, 1986ರಲ್ಲಿ ಪ್ಯಾರಿಸ್ಸಿನಲ್ಲಿ ಓದುತ್ತಿದ್ದ ಎರಿಕ್ ಥಾಮಸ್ ಅನ್ನುವ ವಿದ್ಯಾರ್ಥಿ ಈ ಪ್ರೋಗ್ರಾಮ್ ಬರೆದ. ಮೇನ್‌ಫ್ರೇಮಿನವರು ಕೆಲಸ ಕೊಡುವ ರೀತಿಯೇ ಹಾಗೆ: ಎರಡು ಓರೆಗೆರೆ, ಜಾಬ್, ಡಿಡಿ. ತೂತು ಹೊಡೆದ ಕಾರ್ಡುಗಳ ಕಾಲದಿಂದ ಬಂದದ್ದು. ಒಂದು ಸಾಲು ಅಂದರೆ ಒಂದು ಕಾರ್ಡ್. ನಾವು ಆ ಕಡೆ ನಮ್ಮ ಕ್ಯಾಟಲಾಗ್ ಕಾರ್ಡುಗಳಿಂದ ಬಿಡುಗಡೆ ಪಡೆಯಲು ಒದ್ದಾಡುತ್ತಾ ಇದ್ದೆವು, ಈ ಕಡೆ ಅದಕ್ಕೆ ಸಹಾಯ ಕೇಳಲು ನಾನು ಮೈಸೂರಿನಲ್ಲಿ ಕೂತು ಇಲ್ಲದ ಕಾರ್ಡುಗಳನ್ನು ಜೋಡಿಸಿ ನೆದರ್‌ಲ್ಯಾಂಡ್ಸಿಗೆ ಕಳಿಸುತ್ತಿದ್ದೆ.

ಕೊನೆಯ ಸಾಲು, ಇಒಜೆ ಅಂದರೆ ಕೆಲಸ ಮುಗಿಯಿತು ಅಂತ. ಅದನ್ನು ಹಾಕಿದರೆ ಅದರ ಕೆಳಗಿನ ರಿಗಾರ್ಡ್ಸು, ಕಾಯಕ ಯಾವುದನ್ನೂ ಅದು ಮುಟ್ಟುವುದಿಲ್ಲ. ನನಗೆ ಅತ್ಯಂತ ಇಷ್ಟವಾದ ಸಾಲು ಇದೇ.

(ಆಮೇಲಿನ ಆವೃತ್ತಿಗಳಲ್ಲಿ ಈ ತಾಯತ ಬೇಕಾಗಲಿಲ್ಲ. ಒಂದೇ ಸಾಲು 'ಸರ್ಚ್' ಬರೆದರೆ ಸಾಕು, ಬೇಕಾದ ಪತ್ರವನ್ನು 'ಗೆಟ್‌ಪೋಸ್ಟ್' ಅಂತ ನಂಬರ್ ಕೊಟ್ಟು ತರಿಸಿಕೊಳ್ಳಬಹುದು.)

ಮೂರನೇ ರಾತ್ರಿ ಒಂದು ಓರೆಗೆರೆ ಬಿಟ್ಟುಹೋಗಿ ಹಾಳಾಯಿತು. ನಾಲ್ಕನೇ ರಾತ್ರಿ ಸರಿಯಾಗಿ ಹೋಯಿತು, ಬೆಳಿಗ್ಗೆ ಬಂದು ನೋಡಿದರೆ ನಮ್ಮ ಹುಡುಗನ ಮುಖ ಸಣ್ಣಗಾಗಿತ್ತು. "ಮೇಡಂ, 5 ಗಂಟೆಗೆ ಶುರುವಾದ ಕಾಲ್ ಆರು ಗಂಟೆ ದಾಟಿ ಹೋಗಿದೆ." ಆರರ ಮೇಲೆ ದರ ಏರುತ್ತಿತ್ತು. ಆಗಿದ್ದಿಷ್ಟೇ, ನಾನು ಹುಡುಕಿದ ಪದ 'ಇಂಡೆಕ್ಸ್'. ಇಂಡೆಕ್ಸ್ ಮಾಡುವುದಕ್ಕೇ ಇರುವ ಸಾಫ್ಟ್‌ವೇರಿನ ಲಿಸ್ಟಿನಲ್ಲಿ ಇಂಡೆಕ್ಸ್ ಅಂತ ಹುಡುಕುವುದು ಅಂದರೆ ದೇವರಾಜ ಮಾರ್ಕೆಟ್ಟಿನಲ್ಲಿ ನಿಂತು 'ಅಣ್ಣಾ' ಅಂತ ಕೂಗಿದ ಹಾಗೆ. ಎಲ್ಲರೂ ತಿರುಗಿ ನೋಡಿದ್ದರು.

ಆದರೂ ಆ ಪಟ್ಟಿ ನೋಡಿ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಒಂದೊಂದು ಪತ್ರಕ್ಕೂ ಒಂದು ನಂಬರ್, ತಾರೀಖು, ಹೊತ್ತು, ಎಷ್ಟು ಸಾಲು ಉದ್ದ, ಆಮೇಲೆ ವಿಷಯ. ಪೂರ್ತಿ ಪತ್ರ ಕಳಿಸುವುದಿಲ್ಲ. ಪಟ್ಟಿ ನೋಡಿ ಯಾವುದು ಬೇಕೋ ಆರಿಸಿಕೊಂಡು, ಅದೇ ಸರ್ಚ್ ಸಾಲನ್ನು ಮತ್ತೆ ಬರೆದು, ಕೆಳಗೆ 'ಪ್ರಿಂಟ್' ಅಂತ ನಂಬರ್ ಕೊಟ್ಟು ಇನ್ನೊಂದು ಪತ್ರ ಹಾಕಬೇಕು. ಅಂದರೆ ಇನ್ನೊಂದು ರಾತ್ರಿ. ಡ್ರಾಯರ್ ಎಳೆದು ಕಾರ್ಡ್ ನೋಡಿ, ಚೀಟಿ ಬರೆದುಕೊಟ್ಟು, ಅಟೆಂಡರ್ ಒಳಗಿಂದ ಪುಸ್ತಕ ತಂದುಕೊಡುವವರೆಗೆ ಕಾಯುವ ಹಳೇ ಲೈಬ್ರರಿಯಂತೆಯೇ.

ಐದನೇ ರಾತ್ರಿ ಜಾಣತನ ಮಾಡಿದೆ. ಶೀರ್ಷಿಕೆ ತುಂಡಾಗಿದೆ ಅನ್ನುವ ಅನುಮಾನ ಅಷ್ಟರಲ್ಲಿ ಬಂದಿತ್ತು. 'ಟ್ರಂಕೇಟ್' (ತುಂಡು ಮಾಡು) ಅಂತ ಹುಡುಕಿದೆ, ಅದರ ಕೊನೆಯ ಅಕ್ಷರ ಬಿಟ್ಟು. ಲಿಸ್ಟ್‌ಸರ್ವ್ ಪದ ಹುಡುಕುವುದಿಲ್ಲ, ಅಕ್ಷರಗಳ ಸಾಲು ಹುಡುಕುತ್ತದೆ, ಹಾಗಾಗಿ ಟ್ರಂಕೇಟೆಡ್, ಟ್ರಂಕೇಷನ್ ಎಲ್ಲ ಒಂದೇ ಬಲೆಗೆ ಬೀಳುತ್ತವೆ. ಬಿದ್ದವು. ಆದರೆ ಒಂದೂ ನನ್ನದಲ್ಲ. ಲೈಬ್ರರಿಯವರ ಬಾಯಲ್ಲಿ ಟ್ರಂಕೇಷನ್ ಅಂದರೆ ಬೇರೆಯೇ: ಹುಡುಕುವಾಗ ಪದದ ಬುಡವನ್ನಷ್ಟೇ ಕೊಟ್ಟು ಮುಂದೆ ಡಾಲರ್ ಚಿಹ್ನೆ ಹಾಕುವುದು. ಅಂದರೆ ನಾನು ಆ ಹೊತ್ತಿಗೆ ಮಾಡಿದ್ದೇ ಅದು! ಟ್ರಂಕೇಷನ್ ಮಾಡಿ ಟ್ರಂಕೇಷನ್ ಹುಡುಕಿ ಟ್ರಂಕೇಷನ್ ಬಗ್ಗೆ ಪತ್ರ ಪಡೆದಿದ್ದೆ. ನಾನೇ ಲೈಬ್ರರಿಯವಳು, ಇದು ಮೊದಲೇ ಹೊಳೆಯಬೇಡವೇ?

ಆರನೇ ರಾತ್ರಿ, ತುಂಡಾದ ಸಾಲಿನ ಅಕ್ಷರ ಎಣಿಸಿಕೊಂಡು, '30' ಅಂತ ಹುಡುಕಿದೆ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಹತ್ತೂವರೆ ಅಂದರೂ 30, ಫ್ಯಾಕ್ಸ್ ನಂಬರಿನಲ್ಲೂ 30, ಜೂನ್ 30ರೊಳಗೆ ಅರ್ಜಿ ಹಾಕಿ ಅಂದರೂ 30.

ಇನ್ನೊಂದು ಪತ್ರ ಹಾಕಲು ಧೈರ್ಯ ಬರಲಿಲ್ಲ. ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನ ಕೈಪಿಡಿಯ ಉಳಿದ ಪುಟ ಓದಿದೆ. ಅದರಲ್ಲಿ ಒಂದು ಸೌಲಭ್ಯ ನೋಡಿ ಬೆರಗಾದೆ: ಕಳಿಸಿದವರ ಹೆಸರಿನ ಸ್ಪೆಲಿಂಗ್ ಗೊತ್ತಿಲ್ಲದಿದ್ದರೆ 'ಸೌಂಡ್ಸ್ ಲೈಕ್' ಅಂತ ಬರೆದು, ಕೇಳಲು ಹೀಗಿರುವ ಹೆಸರು ಹುಡುಕು ಅನ್ನಬಹುದಿತ್ತು. ಸೌಂಡೆಕ್ಸ್ ಅನ್ನುವ ಹಳೇ ಉಪಾಯ, 1918ರಲ್ಲೇ ಪೇಟೆಂಟ್ ಆಗಿತ್ತು. ಮೊದಲ ಅಕ್ಷರ ಇಟ್ಟುಕೊಂಡು ಸ್ವರಗಳನ್ನೆಲ್ಲ ಬಿಟ್ಟು, ಒಂದೇ ಥರ ಕೇಳುವ ವ್ಯಂಜನಗಳಿಗೆ ಒಂದೇ ಅಂಕಿ ಕೊಡುವುದು. ಅಮೆರಿಕದವರ ಹೆಸರಿಗೆ ಅಂತ ಮಾಡಿದ್ದು, ಆದರೆ ಕಾಗದದ ಮೇಲೆ ನಮ್ಮ ಹೆಸರು ಹಾಕಿ ನೋಡಿದೆ. ಲಕ್ಷ್ಮಿಯನ್ನು ಕೆಎಸ್‌ಎಚ್ ಹಾಕಿ ಬರೆದರೂ ಎಕ್ಸ್ ಹಾಕಿ ಬರೆದರೂ ಒಂದೇ ಅಂಕಿ ಬರುತ್ತದೆ! ಶಾಸ್ತ್ರಿಯಲ್ಲಿ ಎಚ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ವೆಂಕಟೇಶ ಮಾತ್ರ ವಿ ಬದಲು ಡಬ್ಲ್ಯೂ ಹಾಕಿಕೊಂಡರೆ ಬೇರೆಯವನಾಗಿಬಿಡುತ್ತಾನೆ.

ನಮ್ಮ ಕ್ಯಾಟಲಾಗಿನ ಕನ್ನಡ ಪುಸ್ತಕಗಳಲ್ಲಿ ಇದರ ತಲೆಕೆಳಗಾದ ತೊಂದರೆ ಇತ್ತು. ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕ ಎಲ್ ಅಂದರೆ ಲ, ದೊಡ್ಡ ಎಲ್ ಅಂದರೆ ಳ ಅಂತ ನಿಯಮ ಮಾಡಿಕೊಂಡು ಶ್ರದ್ಧೆಯಿಂದ ತುಂಬಿದ್ದೆವು. ಐಸಿಸ್ ಇಂಡೆಕ್ಸ್ ಮಾಡುವಾಗ ಎಲ್ಲವನ್ನೂ ದೊಡ್ಡಕ್ಷರ ಮಾಡಿಬಿಡುತ್ತಿತ್ತು. ಹಾಗಾಗಿ ಹಳ್ಳಿಯ ಪುಸ್ತಕ ಕೇಳಿದರೆ ಹಲ್ಲಿಯ ಪುಸ್ತಕವೂ ಬರುತ್ತಿತ್ತು. ಇದಕ್ಕೆ ನೆದರ್‌ಲ್ಯಾಂಡ್ಸಿನಲ್ಲಿ ಉತ್ತರ ಹುಡುಕುವ ಆಸೆಯನ್ನೇ ನಾನು ಇಟ್ಟುಕೊಳ್ಳಲಿಲ್ಲ.

ಮೂರನೇ ದಿನ ಪುಸ್ತಕಗಳನ್ನು ಕಪಾಟಿಗೆ ಸೇರಿಸುತ್ತಾ ನಿಂತಿದ್ದಾಗ ಹೊಳೆಯಿತು. ನಾನು ಇಷ್ಟು ದಿನ ಹುಡುಕಿದ್ದು ಉತ್ತರ ಗೊತ್ತಿದ್ದವರ ಪದ. ಮಿತಿ, ಉದ್ದ, 30 ಇವೆಲ್ಲ ಕಾರಣ ತಿಳಿದ ಮೇಲೆ ಬರುವ ಮಾತು. ಕೇಳುವವರಿಗೆ ಕಾರಣ ಎಲ್ಲಿ ಗೊತ್ತಿರುತ್ತದೆ? ನನ್ನ ಹಾಗೇ ಸಿಕ್ಕಿಬಿದ್ದ ಇನ್ನೊಬ್ಬರು ಏನಂತ ಬರೆದಿರುತ್ತಾರೆ? ಅವರ ಕೈಯಲ್ಲಿ ಆಗ ಏನಿರುತ್ತದೆ? ನನ್ನ ಕೈಯಲ್ಲಿ ಈಗ ಇರುವುದೇ. ಬೇರೆ ಯಾವ ಪುಸ್ತಕದ ಹೆಸರು ಇಷ್ಟು ಉದ್ದ ಇರುತ್ತದೆ, ಇಷ್ಟು ಸಲ ಒಂದೇ ಥರ ಶುರುವಾಗುತ್ತದೆ?

ಆ ರಾತ್ರಿ 'ಪ್ರೊಸೀಡಿಂಗ್ಸ್' ಅಂತ ಹುಡುಕಿದೆ.

ಬೆಳಿಗ್ಗೆ ಒಂಬತ್ತು ಪತ್ರಗಳ ಪಟ್ಟಿ ಬಂದಿತ್ತು. ಆರು, ಎಲ್ಲೋ ನಡೆಯುವ ಸಮ್ಮೇಳನದ ಕರೆಯೋಲೆ. ಮೂರನ್ನು ತರಿಸಿಕೊಂಡೆ. ಒಂದು ಸ್ಪ್ಯಾನಿಷ್ ಭಾಷೆಯಲ್ಲಿತ್ತು. ದಕ್ಷಿಣ ಅಮೆರಿಕದ ಕಡೆ ಐಸಿಸ್ ಬಳಸುವವರು ಜಾಸ್ತಿ, ಅಲ್ಲಿಯವರದ್ದೇ ಇರಬೇಕು. ನನಗೆ ಸ್ಪ್ಯಾನಿಷ್ ಒಂದಕ್ಷರ ಬರುವುದಿಲ್ಲ. ಆದರೆ ಉದಾಹರಣೆಗೆ ಕೊಟ್ಟ ಶೀರ್ಷಿಕೆ ಇಂಗ್ಲಿಷಿನಲ್ಲೇ ಇತ್ತು, 'ಇಂಟರ್‌ನ್ಯಾಷನ್' ಹತ್ತಿರ ತುಂಡಾಗಿತ್ತು, ಪಕ್ಕದಲ್ಲಿ 30 ಅಂತ ಬರೆದಿತ್ತು. ಅದರ ಕೆಳಗೆ ಐಸಿಸ್‌ನದೇ ಭಾಷೆಯಲ್ಲಿ ಒಂದು ಸಾಲು. ಅದು ಮೈಸೂರಿಗೂ ಒಂದೇ, ದಕ್ಷಿಣ ಅಮೆರಿಕಕ್ಕೂ ಒಂದೇ. ಶೀರ್ಷಿಕೆ ಇರುವ 24ನೇ ಫೀಲ್ಡಿನ ಹೆಸರು ಬರೆದು, ಒಂದು ನಕ್ಷತ್ರ ಹಾಕಿ, 47 ಚುಕ್ಕಿ 30 ಅಂತ ಇತ್ತು. ಅಂದರೆ ಮೊದಲ 47 ಅಕ್ಷರ ದಾಟಿ, ಅಲ್ಲಿಂದ 30 ಅಕ್ಷರ ತೆಗೆದುಕೋ. 'ಪ್ರೊಸೀಡಿಂಗ್ಸ್ ಆಫ್ ದಿ ಇಂಟರ್‌ನ್ಯಾಷನಲ್ ಕಾನ್ಫರೆನ್ಸ್ ಆನ್', ಅದರ ಮುಂದಿನ ಖಾಲಿ ಜಾಗ ಸೇರಿ, ಸರಿಯಾಗಿ 47. ಪೆನ್ಸಿಲ್ ತೆಗೆದುಕೊಂಡು ಎಣಿಸಿದೆ. ಎರಡು ಸಲ ಎಣಿಸಿದೆ.

ಮಧ್ಯಾಹ್ನದೊಳಗೆ ಆ ಸಾಲನ್ನು ನಮ್ಮ ಇಂಡೆಕ್ಸಿನ ನಿಯಮಕ್ಕೆ ಸೇರಿಸಿ, ಹೀಗೆ ಶುರುವಾಗುವ ಶೀರ್ಷಿಕೆಗಳಿಗೆ ಮಾತ್ರ ಅನ್ನುವ ಷರತ್ತು ಹಾಕಿ, ಇಂಡೆಕ್ಸ್ ಮತ್ತೆ ಕಟ್ಟಲು ಬಿಟ್ಟು ಊಟಕ್ಕೆ ಹೋದೆವು. ಬಂದಾಗ ಪುಸ್ತಕಗಳೆಲ್ಲ ತಮ್ಮ ತಮ್ಮ ವಿಷಯದ ಹೆಸರಲ್ಲಿ ಸಾಲಾಗಿ ನಿಂತಿದ್ದವು. ಇನ್ನೂ ಎರಡು ಪುಸ್ತಕ ಡಬಲ್ ಆಗಿರುವುದು ಆಗ ಗೊತ್ತಾಯಿತು. ಅದನ್ನು ಯಾರಿಗೂ ಹೇಳಲಿಲ್ಲ.

ಇಷ್ಟು ಕಷ್ಟಪಟ್ಟದ್ದು ಬೇರೆಯವರಿಗೆ ಬೇಡ ಅಂತ, ಧೈರ್ಯ ಮಾಡಿ ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿ ಲಿಸ್ಟಿಗೆ ಒಂದು ಪತ್ರ ಬರೆದೆ. ಅದೇ ನನ್ನ ಮೊದಲ ಪತ್ರ.

ಮುಂದಿನ ವರ್ಷ ಬೆಂಗಳೂರಿನ ಒಂದು ಕಾಲೇಜಿನ ಲೈಬ್ರರಿಯನ್ ಫೋನ್ ಮಾಡಿ ಇದೇ ತೊಂದರೆ ಹೇಳಿಕೊಂಡರು. ಅಯ್ಯೋ, ನಾನೇ ಬರೆದಿದ್ದೇನೆ ಮೇಡಂ, ನಾಳೆಯೇ ತರಿಸಿ ಕಳಿಸುತ್ತೇನೆ ಅಂದೆ. ನನ್ನ ಪ್ರತಿ ಎಲ್ಲೋ ಕಳೆದುಹೋಗಿತ್ತು, ಲಿಸ್ಟಿನಲ್ಲಿ ಇರುತ್ತದಲ್ಲಾ ಅನ್ನುವ ಧೈರ್ಯ. ಸಬ್ಜೆಕ್ಟ್ ಸಾಲಿನಲ್ಲಿ ಮಾತ್ರ ಹುಡುಕು ಅಂತ ಷರತ್ತು ಹಾಕಿ 'ಟೈಟಲ್' ಕಳಿಸಿದೆ, ಸಿಗಲಿಲ್ಲ. ಮಾರನೇ ರಾತ್ರಿ 'ಪ್ರೊಸೀಡಿಂಗ್ಸ್' ಕಳಿಸಿದೆ, ಅದೂ ಸಬ್ಜೆಕ್ಟಿನಲ್ಲಿ ಸಿಗಲಿಲ್ಲ. ಕೊನೆಗೆ ಕಳಿಸಿದವರ ಜಾಗದಲ್ಲಿ ನನ್ನದೇ ಹೆಸರು ಹಾಕಿ ಹುಡುಕಿಸಿದೆ. ಬೆಳಿಗ್ಗೆ ಒಂದೇ ಒಂದು ಸಾಲು ಬಂದಿತ್ತು. ನಂಬರ್, ತಾರೀಖು, ಹೊತ್ತು, 41 ಸಾಲು ಉದ್ದ. ವಿಷಯ: 'ಒನ್ ಸ್ಮಾಲ್ ಡೌಟ್'.